ಹನ್ನೆರಡು ದಿನದ ಹಾಜರಿ: ಒಂದು ಸರ್ಕಾರಿ ಆಸ್ಪತ್ರೆಯ ಹೊರಗುತ್ತಿಗೆ ಪ್ರಕರಣ

ಕರ್ನಾಟಕದ ಒಂದು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯ ಸ್ವಚ್ಛತಾ ಹೊರಗುತ್ತಿಗೆಯ ಪ್ರಕರಣ ಇದು. ಊರು, ಏಜೆನ್ಸಿ, ಅಧಿಕಾರಿಗಳು, ಕೆಲಸಗಾರರು ಯಾರೆಂದು ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಬೇರೆ ಕಡೆ ನಡೆದ ಇಂಥವೇ ಒಂದೆರಡು ಸಂಗತಿಗಳನ್ನೂ ಇದರಲ್ಲೇ ಸೇರಿಸಿದ್ದೇನೆ. ಲೆಕ್ಕ ಸುಲಭವಾಗಿ ಅರ್ಥವಾಗಲೆಂದು ತಿಂಗಳ ಕೂಲಿಯನ್ನು 15,000 ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ. ಕಾನೂನಿನ ಸೆಕ್ಷನ್‌ಗಳು, ವಂತಿಗೆಯ ದರಗಳು ಮಾತ್ರ ಇದ್ದ ಹಾಗೇ ಇವೆ. ಆಗ ಹಳೆಯ ಕಾರ್ಮಿಕ ಕಾಯ್ದೆಗಳು ಜಾರಿಯಲ್ಲಿದ್ದವು. 2025ರ ನವೆಂಬರ್ 21ರಿಂದ ಅವುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕೆಂಬ ತತ್ವ ಅಲ್ಲಿಯೂ ಉಳಿದಿರುವುದರಿಂದ ಇಲ್ಲಿಯ ದಾರಿಗಳು ಇಂದಿಗೂ ಬಳಕೆಗೆ ಬರುತ್ತವೆ.

ಹಿನ್ನೆಲೆ

ಆಸ್ಪತ್ರೆಯಲ್ಲಿ ವಾರ್ಡು, ಶೌಚಾಲಯ, ಹೆರಿಗೆ ಕೋಣೆ, ಶವಾಗಾರ ಎಲ್ಲದರ ಸ್ವಚ್ಛತೆಗೆ 95 ಜನ ಹೊರಗುತ್ತಿಗೆ ಸಿಬ್ಬಂದಿ. ಮುಕ್ಕಾಲು ಪಾಲು ಹೆಂಗಸರು, ಬಹುತೇಕ ಪರಿಶಿಷ್ಟ ಜಾತಿಯವರು. ಏಜೆನ್ಸಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಕೆಲಸಗಾರರು ಅವರೇ ಇರುತ್ತಾರೆ. ಕೆಲವರು ನಾಲ್ಕನೆಯ ಏಜೆನ್ಸಿಯ ಕೈಕೆಳಗೆ ಅದೇ ವಾರ್ಡನ್ನು ಗುಡಿಸುತ್ತಿದ್ದರು.

ಈ ಪ್ರಕರಣದ ಬೇರು ಇರುವುದು ಟೆಂಡರಿನಲ್ಲಿ. ಕೂಲಿಯ ದರ ಸರ್ಕಾರದ ಕನಿಷ್ಠ ವೇತನ ಅಧಿಸೂಚನೆಯಿಂದ ನಿಗದಿಯಾಗಿರುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕಾರವಾಗುತ್ತದೆ. 15,000 ಕೂಲಿಯ ಮೇಲೆ ಮಾಲೀಕನ ಪಾಲಿನ ಪಿಎಫ್ (ಭವಿಷ್ಯನಿಧಿ), ವಿಮೆ, ಆಡಳಿತ ಶುಲ್ಕ ಸೇರಿ ಶೇ 13ರಂತೆ 1,950 ರೂಪಾಯಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಶೇ 3.25ರಂತೆ 487. ಬೋನಸ್ ಶೇ 8.33ರಂತೆ ಸುಮಾರು 1,250. ಒಟ್ಟು ತಲೆಗೆ 18,687 ರೂಪಾಯಿ. ಇದರಲ್ಲಿ ಯಾರೂ ಒಂದು ಪೈಸೆ ಕಡಿಮೆ ಮಾಡುವಂತಿಲ್ಲ. ಹಾಗಾದರೆ ಏಜೆನ್ಸಿಗಳು ಪೈಪೋಟಿ ಮಾಡುವುದು ಯಾವುದರ ಮೇಲೆ? ಸೇವಾ ಶುಲ್ಕವೊಂದೇ ಉಳಿಯುತ್ತದೆ. ಗೆದ್ದ ಏಜೆನ್ಸಿ ನಮೂದಿಸಿದ್ದ ಸೇವಾ ಶುಲ್ಕ ತಲೆಗೆ ತಿಂಗಳಿಗೆ ಒಂದು ರೂಪಾಯಿ.

ಅಂದರೆ ಇಡೀ ಆಸ್ಪತ್ರೆಯಿಂದ ಏಜೆನ್ಸಿಗೆ ತಿಂಗಳಿಗೆ 95 ರೂಪಾಯಿ ಆದಾಯ. ಅದಕ್ಕಾಗಿ ಅದು ಹದಿನೇಳೂವರೆ ಲಕ್ಷಕ್ಕೂ ಮೀರಿದ ಮೊತ್ತವನ್ನು ತಿಂಗಳು ತಿಂಗಳು ಮುಂಗಡವಾಗಿ ಹೂಡಬೇಕು, ಸರ್ಕಾರದ ಬಿಲ್ಲಿಗೆ ಕಾಯಬೇಕು, ಸೂಪರ್‌ವೈಸರ್ ಇಡಬೇಕು, ಕಚೇರಿ ನಡೆಸಬೇಕು. ಇದು ಸಾಧ್ಯವಿಲ್ಲವೆಂದು ಟೆಂಡರ್ ಸಮಿತಿಯಲ್ಲಿ ಕೂತವರಿಗೆಲ್ಲ ತಿಳಿದಿತ್ತು. ಆದರೂ ಒಪ್ಪಿಕೊಂಡರು. ಕಡಿಮೆ ದರದವರನ್ನು ಬಿಟ್ಟರೆ ಆಡಿಟ್ ಆಕ್ಷೇಪಣೆ ಬರುತ್ತದೆ, ಬಿಡದಿದ್ದರೆ ಏನೂ ಬರುವುದಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಭ್ರಷ್ಟಾಚಾರ ತಡೆಯಲೆಂದು ಬಂದದ್ದು. ಅದರ ಹೆಸರಿನಲ್ಲೇ ಕೂಲಿ ಕಳ್ಳತನಕ್ಕೆ ಬಾಗಿಲು ತೆರೆದುಕೊಟ್ಟದ್ದನ್ನು ನೋಡಿದರೆ ಸಿಟ್ಟು ಬರುತ್ತದೆ. ಈ ದರಕ್ಕೆ ಕೆಲಸ ಹೇಗೆ ಮಾಡುತ್ತೀರಿ, ಲೆಕ್ಕ ಕೊಡಿ ಎಂದು ಸಮಿತಿ ಒಂದು ಸಾಲಿನ ಪತ್ರ ಬರೆದು ಕೇಳಬಹುದಿತ್ತು.

ಸಮಸ್ಯೆ ಹೊರಬಿದ್ದದ್ದು

ಫೆಬ್ರವರಿಯಲ್ಲಿ ಹೆರಿಗೆ ವಾರ್ಡಿನ ಒಬ್ಬ ಕೆಲಸಗಾರ್ತಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಯಿತು. ಒಂದೂವರೆ ತಿಂಗಳು ವಿಶ್ರಾಂತಿ ಬೇಕೆಂದು ವೈದ್ಯರು ಬರೆದರು. ಇಎಸ್‌ಐನಲ್ಲಿ ಅನಾರೋಗ್ಯ ಭತ್ಯೆ ಎಂದು ಕೂಲಿಯ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆಕೆ ಅರ್ಜಿ ಹಾಕಿದಳು, ತಿರಸ್ಕಾರವಾಗಿ ಬಂತು.

ಜನವರಿಯಿಂದ ಜೂನ್ ಒಳಗೆ ಕಾಯಿಲೆ ಬಿದ್ದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಅವಧಿಯ ವಂತಿಗೆಯನ್ನು ನೋಡುತ್ತಾರೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನ ಇರಬೇಕು. ಆಕೆಯ ದಾಖಲೆಯಲ್ಲಿ 72 ದಿನ ಇತ್ತು. ವಾರದ ರಜೆ ಬಿಟ್ಟರೆ ಒಂದು ದಿನವೂ ತಪ್ಪಿಸದೆ ಬಂದವಳು. ಪ್ರತಿ ತಿಂಗಳಿಗೂ ಹನ್ನೆರಡೇ ದಿನ ಎಂದು ಏಜೆನ್ಸಿ ಕಟ್ಟಿತ್ತು.

ಆಸ್ಪತ್ರೆಗೆ ಕೊಟ್ಟ ಬಿಲ್ಲಿನ ಹಾಜರಾತಿಯಲ್ಲಿ ಅದೇ ತಿಂಗಳಿಗೆ 26 ದಿನ ಇತ್ತು. ಸರ್ಕಾರದಿಂದ 26 ದಿನದ ದುಡ್ಡು, ಪಿಎಫ್ ಮತ್ತು ಇಎಸ್‌ಐಗೆ ಹನ್ನೆರಡು ದಿನದ ದುಡ್ಡು. ಕೆಲಸಗಾರರ ಕೂಲಿಯಲ್ಲಿ ಮುರಿದುಕೊಂಡದ್ದು ಮಾತ್ರ ಪೂರ್ತಿ: ಪಿಎಫ್‌ಗೆ 1,800, ಇಎಸ್‌ಐಗೆ 112 ರೂಪಾಯಿ. ಹೀಗೆ ಮುರಿದು ಕಟ್ಟದೆ ಇಟ್ಟುಕೊಳ್ಳುವುದನ್ನು ಭಾರತೀಯ ದಂಡ ಸಂಹಿತೆಯ 405ನೇ ಸೆಕ್ಷನ್‌ನ ವಿವರಣೆ ನಂಬಿಕೆದ್ರೋಹ ಎಂದೇ ಕರೆದಿತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 316ರಲ್ಲಿದೆ.

ಒಬ್ಬಳದು ಹೊರಬಿದ್ದ ಮೇಲೆ ಉಳಿದವರೂ ಬಾಯಿ ಬಿಟ್ಟರು. ಕೂಲಿ ಬ್ಯಾಂಕ್ ಖಾತೆಗೇ ಬರುತ್ತಿತ್ತು, ಆ ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಹಲವರ ಎಟಿಎಂ ಕಾರ್ಡು ಸೂಪರ್‌ವೈಸರ್ ಹತ್ತಿರ ಇತ್ತು. ಕಾರ್ಡು ತಮ್ಮಲ್ಲೇ ಇದ್ದವರು ಸಂಬಳದ ದಿನ ಮೂರು ಸಾವಿರ ನಗದು ವಾಪಸ್ ಕೊಡಬೇಕಿತ್ತು. "ಕೊಡ್ದಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಸಾರ್. ಹೊಸ ಏಜೆನ್ಸಿ ಬಂದಾಗ ಕೆಲ್ಸ ಉಳಿಸ್ಕೊಳ್ಳೋಕೇ ಹತ್ತು ಸಾವ್ರ ಕೊಟ್ಟಿದೀವಿ." ಬೋನಸ್ ಎಂಬ ಪದವನ್ನೇ ಯಾರೂ ಕೇಳಿರಲಿಲ್ಲ. ಸರ್ಕಾರ ಅದನ್ನು ಪ್ರತಿ ತಿಂಗಳ ಬಿಲ್ಲಿನಲ್ಲಿ ಸೇರಿಸಿ ಏಜೆನ್ಸಿಗೆ ಕೊಡುತ್ತಲೇ ಬಂದಿತ್ತು.

ಮೊದಲ ಪ್ರಯತ್ನಗಳು, ಅವು ಕೆಟ್ಟ ಬಗೆ

ಕೆಲಸಗಾರರ ಕಡೆಯಿಂದ ಅರ್ಜಿ ಬರೆದುಕೊಡಲು ನಾನು ಸೇರಿಕೊಂಡದ್ದು ಈ ಹಂತದಲ್ಲಿ. ಮೊದಲು ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಮನವಿ ಕೊಟ್ಟೆವು. "ಅದು ನಿಮಗೂ ಏಜೆನ್ಸಿಗೂ ಇರುವ ವಿಷಯ, ನಾವು ಬಿಲ್ ಪಾಸ್ ಮಾಡಿದ್ದೇವೆ" ಎಂದು ಕಚೇರಿ ಅಧೀಕ್ಷಕರು ಹೇಳಿ ಕಳಿಸಿದರು. ಸರ್ಕಾರಿ ಕಚೇರಿಗಳಲ್ಲಿ ಈ ನಂಬಿಕೆ ಆಳವಾಗಿದೆ. ಕಾನೂನು ಹೇಳುವುದು ಇದಕ್ಕೆ ತೀರಾ ವಿರುದ್ಧ. ಗುತ್ತಿಗೆ ಕಾರ್ಮಿಕರ ಕಾಯ್ದೆ 1970ರ ಸೆಕ್ಷನ್ 21ರ ಪ್ರಕಾರ ಕೂಲಿ ಬಟವಾಡೆಯಾಗುವಾಗ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಪ್ರತಿನಿಧಿ ಹಾಜರಿದ್ದು ದೃಢೀಕರಿಸಬೇಕಿತ್ತು. ಗುತ್ತಿಗೆದಾರ ಕಡಿಮೆ ಕೊಟ್ಟರೆ ಉಳಿದದ್ದನ್ನು ಸಂಸ್ಥೆಯೇ ಕೊಟ್ಟು, ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕಿತ್ತು. ಇಎಸ್‌ಐ ಕಾಯ್ದೆಯ ಸೆಕ್ಷನ್ 40 ಇನ್ನೂ ಗಟ್ಟಿ: ವಂತಿಗೆ ಕಟ್ಟುವ ಮೊದಲ ಹೊಣೆಯೇ ಮೂಲ ಮಾಲೀಕನದು, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯದು ಆಗಿತ್ತು. ಪಿಎಫ್ ಯೋಜನೆಯ ಪ್ಯಾರಾ 30 ಕೂಡ ಅದನ್ನೇ ಹೇಳುತ್ತಿತ್ತು.

ಎರಡನೆಯದು ಕಾರ್ಮಿಕ ನಿರೀಕ್ಷಕರಿಗೆ ದೂರು. ಅವರು ನೋಟಿಸ್ ಕೊಟ್ಟರು. ಏಜೆನ್ಸಿ ಸಹಿ ಮಾಡಿದ ವೇತನ ವಹಿ, ಬ್ಯಾಂಕ್ ಪಟ್ಟಿ, ಪಿಎಫ್ ಹಣ ಕಟ್ಟಿದ ಚಲನ್ ಎಲ್ಲವನ್ನೂ ತಂದು ಮೇಜಿನ ಮೇಲೆ ಇಟ್ಟಿತು. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ತಪ್ಪಿರಲಿಲ್ಲ. ಮೂರನ್ನೂ ಹೆಸರಿಗೆ ಹೆಸರು ಹಚ್ಚಿ ನೋಡಿದರೆ ಮಾತ್ರ ಕಳ್ಳತನ ಕಾಣುತ್ತಿತ್ತು. ತಾಲ್ಲೂಕಿನ ಅಂಗಡಿ, ಕಾರ್ಖಾನೆ, ಕಟ್ಟಡಗಳೆಲ್ಲವನ್ನೂ ನೋಡಬೇಕಾದ ಒಬ್ಬ ನಿರೀಕ್ಷಕರಿಗೆ ಅದಕ್ಕೆ ಪುರಸೊತ್ತಿರಲಿಲ್ಲ.

ಮೂರನೆಯ ಪ್ರಯತ್ನದಲ್ಲಿ ಹಾನಿಯೇ ಆಯಿತು. ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬಂದ ಮೇಲೆ ಮೇಲಧಿಕಾರಿಗಳು ಗಾಬರಿಯಾಗಿ ಏಜೆನ್ಸಿಯ ಬಿಲ್ಲನ್ನು ಪೂರ್ತಿ ತಡೆಹಿಡಿದರು. ಕಾಗದದಲ್ಲಿ ಅದು ಬಿಗಿ ಕ್ರಮ. ಏಜೆನ್ಸಿ ಮರುದಿನವೇ ಕೆಲಸಗಾರರಿಗೆ ಹೇಳಿತು: "ನೀವು ದೂರು ಕೊಟ್ರಿ, ಬಿಲ್ ನಿಂತಿದೆ, ನಮ್ಮ ಹತ್ರ ದುಡ್ಡಿಲ್ಲ." ಎರಡು ತಿಂಗಳು ಕೂಲಿ ಇಲ್ಲ. ಶಾಲೆಯ ಫೀಸು, ಸಂಘದ ಸಾಲದ ವಾರದ ಕಂತು, ಮನೆ ಬಾಡಿಗೆ ಎಲ್ಲ ನಿಂತವು. ದೂರಿಗೆ ಸಹಿ ಹಾಕಿದ್ದವರಲ್ಲಿ ಕೆಲವರು ಹೋಗಿ ಸಹಿ ವಾಪಸ್ ತೆಗೆದುಕೊಂಡರು. ಅವರ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. ಕಂಪನಿಗೆ ಶಿಕ್ಷೆ ಎಂದು ಹೊಡೆದ ಪೆಟ್ಟು ಕೂಲಿಯವರ ಹೊಟ್ಟೆಗೆ ಬಿದ್ದಿತ್ತು.

ತಿರುವು

ಆ ಹೊತ್ತಿಗೆ ಆಸ್ಪತ್ರೆಯ ಲೆಕ್ಕಪತ್ರ ಶಾಖೆಗೆ ಹೊಸದಾಗಿ ವರ್ಗವಾಗಿ ಬಂದ ಪ್ರಥಮ ದರ್ಜೆ ಸಹಾಯಕಿಯೊಬ್ಬರು ಹಳೆಯ ಬಿಲ್ಲುಗಳ ಕಡತ ತೆಗೆದರು. ಬಿಲ್ಲಿನ ಜೊತೆ ಲಗತ್ತಿಸಿದ್ದ ಪಿಎಫ್ ಚಲನ್ ಏಜೆನ್ಸಿಯ ಎಲ್ಲ ಕೆಲಸಗಳಿಗೂ ಸೇರಿ ಒಂದೇ ಆಗಿತ್ತು. ಪಿಎಫ್ ಇಲಾಖೆಯ (ಇಪಿಎಫ್‌ಒ) ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳಿಗೆ ಎಷ್ಟು ಜನರ ಹೆಸರಿನಲ್ಲಿ ಎಷ್ಟು ಹಣ ಕಟ್ಟಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಅವರು ಭಾಗಾಕಾರ ಮಾಡಿದರು. ತಲಾ ಮೊತ್ತ ಬರಬೇಕಾದ್ದರ ಅರ್ಧಕ್ಕೂ ಮುಟ್ಟಲಿಲ್ಲ. ಒಂದು ಬಿಲ್ ಪಾಸ್ ಮಾಡುವ ಮುನ್ನ ಯಾವ ಗುಮಾಸ್ತರೂ ಕೂತಲ್ಲೇ ಮಾಡಬಹುದಾದ ಲೆಕ್ಕ ಅದು. ಎರಡು ವರ್ಷದಿಂದ ಯಾರೂ ಮಾಡಿರಲಿಲ್ಲ.

ಇತ್ತ ಕೆಲಸಗಾರರ ಕಡೆ ನಾವು ಮಾಹಿತಿ ಹಕ್ಕಿನಡಿ ಗುತ್ತಿಗೆ ಒಪ್ಪಂದ, ಬಿಲ್ಲು, ಲಗತ್ತುಗಳ ಪ್ರತಿ ಕೇಳಿದೆವು. ವಾಣಿಜ್ಯ ಗೌಪ್ಯತೆ ಎಂದು ಏಜೆನ್ಸಿ ಆಕ್ಷೇಪ ಎತ್ತಿತು, ಮೊದಲ ಮೇಲ್ಮನವಿಯಲ್ಲಿ ಬಿಲ್ಲು ಸಿಕ್ಕಿತು. ಸಾರ್ವಜನಿಕ ಹಣದ ಬಿಲ್ಲಿನಲ್ಲಿ ಗೌಪ್ಯ ಎನ್ನುವಂಥದ್ದು ಏನಿರುತ್ತದೆ? ಇತರರ ಪಿಎಫ್ ವಿವರ ಮಾತ್ರ ಅವರವರ ಸ್ವಂತದ್ದು, ಕೇಳುವುದು ಸರಿಯಲ್ಲ, ಸಿಗುವುದೂ ಇಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪಾಸ್‌ಬುಕ್ಕನ್ನು ತಾವೇ ತರುವುದೆಂದು ತೀರ್ಮಾನಿಸಿದೆವು. ಅನೇಕರಿಗೆ ಯುಎಎನ್ ಸಂಖ್ಯೆಯೇ ಗೊತ್ತಿರಲಿಲ್ಲ, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಏಜೆನ್ಸಿಯ ಸೂಪರ್‌ವೈಸರದ್ದಾಗಿತ್ತು. ಅದನ್ನು ಬದಲಿಸಿಕೊಳ್ಳುವ ಕೆಲಸಕ್ಕೇ ಹೆಚ್ಚು ಸಮಯ ಹಿಡಿಯಿತು. ವಿದ್ಯಾವಂತ ಮಕ್ಕಳಿದ್ದ ಮನೆಯವರು ಉಳಿದವರಿಗೆ ಮಾಡಿಕೊಟ್ಟರು. ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸಿ ನೋಡಿದಾಗ ಇನ್ನೊಂದು ಸಾಕ್ಷ್ಯ ತಾನಾಗಿ ಸಿಕ್ಕಿತು: ಸಂಬಳ ಬಿದ್ದ ದಿನವೇ, ಒಂದೇ ಎಟಿಎಂನಿಂದ, ಒಂದರ ಹಿಂದೆ ಒಂದರಂತೆ ಹಲವು ಖಾತೆಗಳಲ್ಲಿ ಒಂದೇ ಮೊತ್ತ ತೆಗೆಯಲಾಗಿತ್ತು.

ಇವೆಲ್ಲವನ್ನೂ ಹೆಸರಿಗೆ ಹೆಸರು ಹಚ್ಚಿ ಮಾಡಿದ ಹೊಂದಾಣಿಕೆ ಪಟ್ಟಿ ಜಿಲ್ಲಾ ಶಸ್ತ್ರಚಿಕಿತ್ಸಕರ ಮುಂದೆ ಹೋದಾಗ ಆರೋಪ ಯಾವುದೂ ಉಳಿದಿರಲಿಲ್ಲ, ಬರಿಯ ಅಂಕಿ ಇತ್ತು. ಅವರು ತೆಗೆದುಕೊಂಡ ತೀರ್ಮಾನವನ್ನು ಈ ಇಡೀ ಪ್ರಕರಣದ ತಿರುವು ಎಂದೇ ನಾನು ಎಣಿಸುತ್ತೇನೆ. ತಡೆಹಿಡಿದ ಬಿಲ್ಲನ್ನು ಮೂರು ಭಾಗ ಮಾಡಲು ಆದೇಶಿಸಿದರು. ಕೈಗೆ ಸಿಗಬೇಕಾದ ನಿವ್ವಳ ಕೂಲಿಯನ್ನು ಸೆಕ್ಷನ್ 21(4)ರಡಿ ನೇರವಾಗಿ ಕೆಲಸಗಾರರ ಖಾತೆಗೆ ಹಾಕುವುದು. ಪಿಎಫ್, ಇಎಸ್‌ಐ ಪಾಲನ್ನು ಏಜೆನ್ಸಿ ಮೊದಲು ಕಟ್ಟಿ, ಆಸ್ಪತ್ರೆಯ ಸಿಬ್ಬಂದಿಯದೇ ಪ್ರತ್ಯೇಕ ಪಟ್ಟಿ ತಂದ ಮೇಲೆ ಕೊಡುವುದು. ಸೇವಾ ಶುಲ್ಕ, ಬೋನಸ್ ಮತ್ತು ಭದ್ರತಾ ಠೇವಣಿಯನ್ನು ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳುವುದು.

ಖಜಾನೆ ಒಪ್ಪಲಿಲ್ಲ. ಒಬ್ಬ ಗುತ್ತಿಗೆದಾರನ ಹೆಸರಿನ ಬಿಲ್ಲನ್ನು 95 ಜನರಿಗೆ ಹೇಗೆ ಹಂಚುವುದು, ನಾಳೆ ಇವರು ನಾವು ಸರ್ಕಾರಿ ನೌಕರರು ಎಂದು ಕೋರ್ಟಿಗೆ ಹೋದರೆ ಏನು ಎಂದು ಕೇಳಿದರು. ಎರಡನೆಯ ಭಯ ಎಲ್ಲ ಕಚೇರಿಗಳಲ್ಲೂ ಇದೆ, ಅದರಿಂದಾಗಿಯೇ ಅಧಿಕಾರಿಗಳು ಗುತ್ತಿಗೆ ಕಾರ್ಮಿಕರ ಕೂಲಿಯ ವಿಷಯದಲ್ಲಿ ಕೈ ಹಾಕುವುದಿಲ್ಲ. ಕಾಯ್ದೆ ವಿಧಿಸಿದ ಹೊಣೆಯನ್ನು ಪೂರೈಸುತ್ತಿದ್ದೇವೆ, ಗುತ್ತಿಗೆದಾರನ ಪರವಾಗಿ ಕೊಟ್ಟು ಅವನ ಬಾಕಿಯಲ್ಲಿ ಮುರಿಯುತ್ತಿದ್ದೇವೆ ಎಂದು ಆದೇಶದಲ್ಲೇ ಬರೆದ ಮೇಲೆ ಆಕ್ಷೇಪ ಬಿತ್ತು. ಟಿಪ್ಪಣಿಯಲ್ಲಿ ಆ ಸಹಾಯಕಿ 1982ರ ಏಷ್ಯಾಡ್ ಕಾರ್ಮಿಕರ ತೀರ್ಪನ್ನೂ ಉಲ್ಲೇಖಿಸಿದ್ದರು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಕೂಲಿ ಮುರಿದಾಗ, ಕೆಲಸ ಗುತ್ತಿಗೆದಾರರದು ಎಂದು ಹೇಳಿ ಸರ್ಕಾರಿ ಸಂಸ್ಥೆಗಳು ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದೂ ಹೇಳಿತ್ತು. ಆ ತೀರ್ಪು ಬಂದು ನಾಲ್ಕು ದಶಕ ಆಗಿದೆ. ಅದನ್ನು ಓದಿದ ಬಿಲ್ ಗುಮಾಸ್ತರನ್ನು ನಾನು ಕಂಡದ್ದು ಇದೇ ಮೊದಲು.

ಏನಾಯಿತು

ಬಾಕಿ ಕೂಲಿ ಖಾತೆಗೆ ಬಂತು. ಆ ತಿಂಗಳು ಸೂಪರ್‌ವೈಸರ್ ನಗದು ಕೇಳಲಿಲ್ಲ, ಕಾರ್ಡುಗಳನ್ನೂ ಹಿಂದಿರುಗಿಸಿದ. ಸಹಿ ವಾಪಸ್ ತೆಗೆದುಕೊಂಡಿದ್ದವರು ಮತ್ತೆ ಬಂದರು.

ಶಸ್ತ್ರಚಿಕಿತ್ಸೆಯಾದ ಕೆಲಸಗಾರ್ತಿಯ ವಿಷಯದಲ್ಲಿ ಕಾನೂನು ನಮ್ಮ ಕಡೆಗಿತ್ತು. ಇಎಸ್‌ಐ ಕಾಯ್ದೆ ಅನಾರೋಗ್ಯ ಭತ್ಯೆಗೆ ನೋಡುವುದು ವಂತಿಗೆ ಎಷ್ಟು ದಿನಕ್ಕೆ ಕಟ್ಟಬೇಕಾಗಿತ್ತು ಎಂಬುದನ್ನು. ಮಾಲೀಕ ಕಟ್ಟದೆ ಉಳಿಸಿದರೆ ಅದರ ನಷ್ಟ ಕಾರ್ಮಿಕರ ಮೇಲೆ ಬೀಳಬಾರದು. ಆಸ್ಪತ್ರೆ ತನ್ನದೇ ಹಾಜರಾತಿ ವಹಿಯ ದೃಢೀಕೃತ ಪ್ರತಿ ಕೊಟ್ಟ ಮೇಲೆ ಇಎಸ್‌ಐ ಶಾಖಾ ಕಚೇರಿ ಆಕೆಯ ಅರ್ಜಿಯನ್ನು ಮತ್ತೆ ತೆಗೆದುಕೊಂಡು ಭತ್ಯೆ ಮಂಜೂರು ಮಾಡಿತು. ಹಾಜರಾತಿ ವಹಿಯನ್ನು ಏಜೆನ್ಸಿಯ ಕೈಗೆ ಬಿಡದೆ ವಾರ್ಡಿನ ನರ್ಸಿಂಗ್ ಅಧಿಕಾರಿಯ ಹತ್ತಿರ ಇನ್ನೊಂದು ಪ್ರತಿ ಇಟ್ಟಿದ್ದು ಇಲ್ಲಿ ಕೈ ಹಿಡಿಯಿತು. ಅದು ಸ್ವಚ್ಛತೆಯ ಪಾಳಿ ನೋಡಲೆಂದು ಇಟ್ಟ ಪುಸ್ತಕ. ಅದಿಲ್ಲದಿದ್ದರೆ ಏನನ್ನು ತೋರಿಸುತ್ತಿದ್ದೆವೋ ಕಾಣೆ.

ಪಿಎಫ್ ಇಲಾಖೆ ತನ್ನ ಕಾಯ್ದೆಯ ಸೆಕ್ಷನ್ 7ಎ ಅಡಿ ಬಾಕಿ ನಿರ್ಧರಿಸುವ ವಿಚಾರಣೆ ಆರಂಭಿಸಿತು. ಬಾಕಿಯ ಮೇಲೆ ಶೇ 12 ಬಡ್ಡಿ, ಜೊತೆಗೆ ದಂಡ ಬೀಳುತ್ತದೆಂದು ತಿಳಿದ ಏಜೆನ್ಸಿ ಒಂದಷ್ಟು ತಿಂಗಳುಗಳ ಪಟ್ಟಿ ತಿದ್ದಿ ಹಣ ಕಟ್ಟಿತು. ನಗದು ವಾಪಸ್ ಪಡೆದ ಆರೋಪ ಪೂರ್ತಿ ಸಾಬೀತಾಗಲಿಲ್ಲ. ಕಾರ್ಡು ಕೊಟ್ಟಿದ್ದವರ ಖಾತೆಗಳಲ್ಲಿ ಮಾತ್ರ ಎಟಿಎಂ ಜಾಡು ಇತ್ತು. ಕೈಯಿಂದ ಕೈಗೆ ಕೊಟ್ಟದ್ದಕ್ಕೆ ಏನು ಸಾಕ್ಷಿ? ಕನಿಷ್ಠ ವೇತನ ಕಾಯ್ದೆಯ ಸೆಕ್ಷನ್ 20ರಡಿ ಅರ್ಜಿ ಹಾಕಿದರೆ ಕೊರತೆಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದಿತ್ತು. ಅದಕ್ಕೆ ಆರು ತಿಂಗಳ ಕಾಲಮಿತಿ ಇತ್ತು, ಹಳೆಯ ತಿಂಗಳುಗಳ ಬಗ್ಗೆ ಯಾರೂ ಮುಂದೆ ಬರಲು ಸಿದ್ಧರಿರಲಿಲ್ಲ.

ಕಪ್ಪುಪಟ್ಟಿಯ ವಿಷಯದಲ್ಲಿ ಇಲಾಖೆ ಎಡವಿತು. ಷೋಕಾಸ್ ನೋಟಿಸ್‌ನಲ್ಲಿ "ನಿಯಮಾನುಸಾರ ಕ್ರಮ ಜರುಗಿಸಲಾಗುವುದು" ಎಂದಷ್ಟೇ ಬರೆದು, ಕೊನೆಗೆ ಏಜೆನ್ಸಿಯನ್ನು ಕಪ್ಪುಪಟ್ಟಿಗೆ ಸೇರಿಸಿ ಆದೇಶ ಹೊರಡಿಸಿದರು. ಏಜೆನ್ಸಿ ಹೈಕೋರ್ಟಿಗೆ ಹೋಯಿತು, ಆದೇಶ ರದ್ದಾಯಿತು. ಕಪ್ಪುಪಟ್ಟಿಗೆ ಸೇರಿಸುವ ಇರಾದೆ ಇದ್ದರೆ ಅದನ್ನು ನೋಟಿಸ್‌ನಲ್ಲೇ ಸ್ಪಷ್ಟವಾಗಿ ತಿಳಿಸಬೇಕೆಂದು 2014ರ ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಒಂದು ವಾಕ್ಯ ಬಿಟ್ಟಿದ್ದಕ್ಕೆ ಮೊದಲಿನಿಂದ ಶುರುಮಾಡಬೇಕಾಯಿತು. ಅಷ್ಟರಲ್ಲಿ ಏಜೆನ್ಸಿ ಇನ್ನೊಂದು ಜಿಲ್ಲೆಯಲ್ಲಿ ಹೊಸ ಟೆಂಡರ್ ಗೆದ್ದಿತ್ತು.

ಈ ಪ್ರಕರಣದಿಂದ ತಿಳಿದದ್ದು

ಗುತ್ತಿಗೆ ಕಂಪನಿಯನ್ನು ಕಾನೂನಿನ ಹದ್ದುಬಸ್ತಿನಲ್ಲಿಡುವ ನಿಜವಾದ ಜಾಗ ಬಿಲ್ಲಿನ ಮೇಜು. ಕಾರ್ಮಿಕ ಇಲಾಖೆ, ಪಿಎಫ್ ಕಚೇರಿ, ಕೋರ್ಟು ಎಲ್ಲ ತಪ್ಪಾದ ಮೇಲೆ ಬರುವವರು. ಬಿಲ್ ಪಾಸ್ ಮಾಡುವವರು ಮಾತ್ರ ಪ್ರತಿ ತಿಂಗಳೂ ತಪ್ಪಿಗೆ ಮುಂಚೆ ಕೂತಿರುತ್ತಾರೆ. ಹಾಜರಾತಿ, ಬ್ಯಾಂಕ್ ಪಟ್ಟಿ, ಪಿಎಫ್–ಇಎಸ್‌ಐ ಪಟ್ಟಿ ಮೂರರಲ್ಲೂ ಅದೇ ಹೆಸರು, ಅದೇ ದಿನ, ಅದೇ ಕೂಲಿ ಇದೆಯೇ ಎಂದು ಅವರು ನೋಡಿದರೆ ಬಹುಪಾಲು ಕಳ್ಳತನ ಅಲ್ಲಿಯೇ ನಿಲ್ಲುತ್ತದೆ. ಚಲನ್ ಲಗತ್ತಿಸಿದೆ ಎಂಬ ಟಿಕ್ ಗುರುತಿನಿಂದ ಅದು ನಿಲ್ಲುವುದಿಲ್ಲ.

ಹಣ ತಡೆಯುವಾಗ ಯಾವ ಹಣ ಎಂಬುದನ್ನು ಮೊದಲು ನಿರ್ಧರಿಸಬೇಕು. ಕೂಲಿಯ ಭಾಗವನ್ನು ತಡೆದರೆ ಕಂಪನಿಯ ಕೈಗೇ ಆಯುಧ ಕೊಟ್ಟಂತೆ. ಮುಂದಿನ ಟೆಂಡರಿನಲ್ಲಿ ಇದನ್ನು ಷರತ್ತಾಗಿಯೇ ಬರೆದರು: ಕೂಲಿ ತಡವಾದರೆ ಆಸ್ಪತ್ರೆ ನೇರವಾಗಿ ಕೊಡುತ್ತದೆ, ಬೋನಸ್ ಕೊಟ್ಟದ್ದಕ್ಕೆ ದಾಖಲೆ ತಂದ ಮೇಲೆ ಮಾತ್ರ ಆ ಮೊತ್ತ ಏಜೆನ್ಸಿಗೆ ಸೇರುತ್ತದೆ. ಸೇವಾ ಶುಲ್ಕಕ್ಕೆ ಒಂದು ಕನಿಷ್ಠ ಮಟ್ಟ ಇಟ್ಟರು, ಅದಕ್ಕಿಂತ ಕಡಿಮೆಯ ದರ ತಾನಾಗಿ ತಿರಸ್ಕಾರ. ಸಮಾನ ದರ ಬಂದವರಲ್ಲಿ ಹಿಂದಿನ ಎರಡು ವರ್ಷದ ಪಿಎಫ್ ಪಾವತಿ ದಾಖಲೆ ನೋಡಿ ಆಯ್ಕೆ. ಏಜೆನ್ಸಿ ಬದಲಾದರೂ ಇರುವ ಕೆಲಸಗಾರರನ್ನು ಹಣ ಕೇಳದೆ ಮುಂದುವರಿಸಬೇಕೆಂದೂ ಸೇರಿಸಿದರು. ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಈ ಕೊನೆಯ ಷರತ್ತು. ಎರಡು ವರ್ಷಕ್ಕೊಮ್ಮೆ ಕೆಲಸ ಹೋಗುತ್ತದೆಂಬ ಹೆದರಿಕೆ ಇರುವವರೆಗೆ ಯಾವ ಹೆಂಗಸೂ ಸೂಪರ್‌ವೈಸರ್ ವಿರುದ್ಧ ಬಾಯಿ ತೆರೆಯಲಾರಳು.

ಷರತ್ತುಗಳು ಕಾಗದದಲ್ಲಿ ಚೆನ್ನಾಗಿವೆ. ಅವನ್ನು ಪ್ರತಿ ತಿಂಗಳು ನೋಡುವವರು ಬೇಕು. ಲೆಕ್ಕಪತ್ರ ಶಾಖೆಯ ಆ ಸಹಾಯಕಿಗೆ ಮುಂದಿನ ವರ್ಷ ಬೇರೆ ಕಡೆಗೆ ವರ್ಗವಾಯಿತು. ಹೋಗುವ ಮುನ್ನ ಹೊಂದಾಣಿಕೆ ಪಟ್ಟಿಯ ನಮೂನೆಯನ್ನು ಕಡತದಲ್ಲಿ ಇಟ್ಟು, ಅದಿಲ್ಲದ ಬಿಲ್ಲನ್ನು ಮಂಡಿಸಬಾರದೆಂಬ ಕಚೇರಿ ಆದೇಶಕ್ಕೆ ಸಹಿ ಮಾಡಿಸಿದ್ದರು. ಈಗ ಪ್ರತಿ ತಿಂಗಳ 20ರೊಳಗೆ ಆ ಪಟ್ಟಿಯ ಪ್ರತಿಯನ್ನು ಸಿಬ್ಬಂದಿ ಕೋಣೆಯ ಬೋರ್ಡಿಗೆ ಹಾಕುತ್ತಾರೆ. ಅದರಲ್ಲಿ ಹೆಸರು, ಕೆಲಸದ ದಿನ, ಖಾತೆಗೆ ಹೋದ ಮೊತ್ತ ಮಾತ್ರ ಇರುತ್ತವೆ.

ಎರಡು ವರ್ಷದ ಬೋನಸ್ ಬಾಕಿ ಇನ್ನೂ ಇತ್ಯರ್ಥವಾಗಿಲ್ಲ, 7ಎ ವಿಚಾರಣೆಯೂ ನಡೆಯುತ್ತಿದೆ. ಅದೇ ಚಲನ್ ಪ್ರತಿಯನ್ನು ಏಜೆನ್ಸಿ ಬೇರೆ ಸರ್ಕಾರಿ ಕಚೇರಿಗಳ ಬಿಲ್ಲುಗಳಿಗೂ ಲಗತ್ತಿಸಿರುವುದರಿಂದ, ಅಲ್ಲಿಯ ಕೆಲಸಗಾರರಿಗೂ ಹನ್ನೆರಡೇ ದಿನ ಕಟ್ಟಿರುವ ಸಾಧ್ಯತೆ ಇದೆ ಎಂದು ಆಸ್ಪತ್ರೆ ಆ ಕಚೇರಿಗಳಿಗೆಲ್ಲ ಪತ್ರ ಬರೆಯಿತು. ಒಂದು ಹಾಸ್ಟೆಲಿನವರು ಉತ್ತರ ಬರೆದರು. ತಮ್ಮ ಅಡುಗೆ ಸಿಬ್ಬಂದಿಯ ಹಾಜರಾತಿಯನ್ನು ಪಿಎಫ್ ಪಟ್ಟಿಯೊಂದಿಗೆ ಹೆಸರಿಗೆ ಹೆಸರು ಹಚ್ಚಿ ನೋಡಲು ಆರಂಭಿಸಿರುವುದಾಗಿಯೂ, ನಮೂನೆಯ ಒಂದು ಪ್ರತಿ ಕಳಿಸಬೇಕೆಂದೂ ಅದರಲ್ಲಿತ್ತು. ಉಳಿದ ಕಚೇರಿಗಳಿಗೆ ಜ್ಞಾಪನ ಪತ್ರ ಹೋಗಿದೆ.